ಮಾಳಿಗೆಗೆ ಏರಿಸುವ ಜಾಲದ ತಂತಿ



2020ರ ಸೆಪ್ಟೆಂಬರ್ 1ರಂದು ನಮ್ಮ ರಾಜ್ಯದಲ್ಲಿ ದೂರದರ್ಶನ, ಅಂತರಜಾಲಗಳ ಮೂಲಕ ಪಾಠಗಳು ಮೊದಲಾದುದು ನಿಮಗೆಲ್ಲ ನೆನಪಿರಬೇಕು. ಆ ದಿನಗಳಲ್ಲಿ ಮಕ್ಕಳು ಮೊಬೈಲು ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದುದನ್ನು ನಾವು ಹಲವು ಮನೆಗಳಲ್ಲಿ ಕಂಡೆವು. ಓದುವ ಕೋಣೆ ಮಾಳಿಗೆಯ ಮೇಲೆ, ವೈಫೈ ಪೆಟ್ಟಿಗೆ ಕೆಳಗಿನ ಪಡಸಾಲೆಯಲ್ಲಿ. ನಡುವಣ ಮೆಟ್ಟಿಲೇ ಪಾಠಶಾಲೆ!

ಇದಕ್ಕೆ ಕಾರಣ ಸ್ಪಷ್ಟ. ವೈಫೈ ಎಂಬುದು ರೇಡಿಯೋ ಅಲೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳುಗಳು, ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳು ಅದನ್ನು ಕುಗ್ಗಿಸಿಬಿಡುತ್ತವೆ. 1956ಕ್ಕೆ ಮುಂಚೆ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಇಂದು ಕನ್ನಡ ಪುಸ್ತಕದ ಅಂಗಡಿ ಗಡಿಯಾಚೆಗೆ ಉಳಿಯಿತು. ಕನ್ನಡ ವಿಕಿಪೀಡಿಯವಾಗಲಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿರುವ ನಿಘಂಟುಗಳಾಗಲಿ ನಮ್ಮ ಮಕ್ಕಳ ಮೇಜಿಗೆ ಬರುವುದು ಈ ಅಲೆಯ ಮೂಲಕವೇ. ಆದುದರಿಂದ ಅದು ಮೇಲಂತಸ್ತಿಗೂ ಮುಟ್ಟಬೇಕಾದುದು ಅವಶ್ಯ.

ಕೆಳಗಿನ ಪೆಟ್ಟಿಗೆಯಿಂದ ಮೇಲಕ್ಕೆ ಒಂದು ಕೇಬಲ್ಲನ್ನು ಎಳೆದು, ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆಯನ್ನಿಡುವುದೇ ಉಪಾಯ. ಕೇಬಲ್ಲಿನೊಳಗೆ ಎಂಟು ತಂತಿಗಳಿದ್ದು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಹೊರಗಿನ ವಿದ್ಯುತ್ತಿನ ಕಿರುಕುಳವು ಹೆಣೆದ ಎರಡು ತಂತಿಗಳ ಮೇಲೂ ಸಮನಾಗಿ ಬೀಳುವುದರಿಂದ, ಸಂದೇಶವನ್ನು ಆ ಎರಡರ ವ್ಯತ್ಯಾಸದಲ್ಲಿ ಓದುವ ಯಂತ್ರಕ್ಕೆ ಅದು ಬಾಧಿಸದು. ಟೆಲಿಫೋನಿಗಾಗಿ ಈ ಯುಕ್ತಿಗೆ 1881ರಲ್ಲಿ ಪೇಟೆಂಟು ಪಡೆದವರು ಗ್ರಹಾಂ ಬೆಲ್ಲರು. ಇಂಥ ಕೇಬಲ್ಲು 100 ಮೀಟರಿನವರೆಗೆ ನಂಬಿಕೆಗೆ ಅರ್ಹ. ಮನೆಗೆ ಅದರ ಕಾಲು ಭಾಗವೂ ಬೇಡ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಗೋಡೆ ಒಡೆಯುವ ಶ್ರಮ ತಪ್ಪಲೆಂದು ನಮ್ಮ ಮನೆಯಲ್ಲಿ ಕೇಬಲ್ಲನ್ನು ದೀಪದ ತಂತಿಗಳ ಕೊಳವೆಯೊಳಗೇ ತೂರಿಸಿದೆವು. ಕಂಡ ಹಿರಿಯ ಮೇಸ್ತ್ರಿಯೊಬ್ಬರು, "ಸಾರ್, ಒಳಗಿನ ತಂತಿಯ ಹೊದಿಕೆ ಸವೆದರೆ 230 ವೋಲ್ಟು ಹುಡುಗನ ಕೈಗೇ ಬರುತ್ತದಲ್ಲ!" ಎಂದರು. ಅಂದೇ ಕಿತ್ತುಹಾಕಿದೆವು. ಅಗ್ಗವೆಂದು ಕೊಂಡಿದ್ದ ಆ ಕೇಬಲ್ಲಿನ ತಂತಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡಿತು: ತಾಮ್ರದ ಲೇಪವಿದ್ದ ಅಲ್ಯೂಮಿನಿಯಂ! ತಾಮ್ರವಾದರೆ ಕೆರೆದಷ್ಟೂ ಕೆಂಪು. ಕೊಳ್ಳುವಾಗ ಈ ಪರೀಕ್ಷೆಯನ್ನು ನೀವೂ ಮಾಡಿರಿ.

ಸ್ಲ್ಯಾಬನ್ನು ಕಂಡಕಂಡಲ್ಲಿ ಕೊರೆಯಬಾರದು. ಸರಳು, ತೊಲೆ, ನೀರಿನ ಕೊಳವೆ ಎಲ್ಲಿವೆಯೋ ತಿಳಿಯದು. ಮೆಟ್ಟಿಲ ಮಗ್ಗುಲೇ ಸುಲಭದ ದಾರಿ. ಹೊರಗೋಡೆಯ ಮೇಲೆ ಒಯ್ಯುವುದಾದರೆ ಕೊಳವೆಯೊಳಗೆ ಒಯ್ಯಿರಿ. ಗೋಡೆಯ ರಂಧ್ರವು ಹೊರಗಡೆಗೆ ಇಳಿಜಾರಾಗಿರಲಿ, ಒಳಹೊಗುವ ಮುನ್ನ ಕೇಬಲ್ಲು ಒಮ್ಮೆ ಕೆಳಕ್ಕೆ ಬಾಗಿ ಏರಲಿ. ಮಳೆಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುವುದು. ಪಕ್ಕದ ಮನೆಗೆ ತಾಮ್ರದ ತಂತಿಯನ್ನೆಳೆಯುವುದು ಸಿಡಿಲಿನ ದೃಷ್ಟಿಯಿಂದ ಒಳ್ಳೆಯದಲ್ಲ. ಅಲ್ಲಿಗೆ ಲೋಹವಿಲ್ಲದ ಗಾಜಿನೆಳೆಯ ಕೇಬಲ್ಲೇ ಸರಿ.

ವಿದ್ಯುತ್ ತಂತಿಯಿಂದ ಒಂದು ಗೇಣಿನಷ್ಟಾದರೂ ದೂರವಿರಿಸಿ, ಅಡ್ಡ ಹಾಯಲೇಬೇಕಾದಲ್ಲಿ ನೇರ ಅಡ್ಡಲಾಗಿ ಹಾಯಿಸಿರಿ. ತಿರುವಿನಲ್ಲಿ ಮಡಿಸಬೇಡಿರಿ. ಎರಡು ತುದಿಗಳಲ್ಲಿಯೂ ಬಣ್ಣಗಳ ಕ್ರಮ ಒಂದೇ ಇರತಕ್ಕದ್ದು. ಮೇಲ್ತರಗತಿಯ ವಿದ್ಯಾರ್ಥಿಗಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಕೊರೆಯುವ ಕೆಲಸ ಮಾತ್ರ ದೊಡ್ಡವರದು.

ಮನೆ ಕಟ್ಟಿಸುತ್ತಿರುವ ಬಂಧುಗಳಿಗೆ ಒಂದು ಅರಿಕೆ. ಸ್ಲ್ಯಾಬು ಹಾಕುವ ಮುನ್ನವೇ ಒಂದಂಗುಲದ ಬರಿಯ ಕೊಳವೆಯೊಂದನ್ನು ಕೆಳಗಿನಿಂದ ಮೇಲಕ್ಕೆ ನಿಲ್ಲಿಸಿ, ಒಳಗೊಂದು ಗಟ್ಟಿ ದಾರವನ್ನು ಬಿಡಲು ಮೇಸ್ತ್ರಿಗೆ ಹೇಳಿರಿ. ಎರಡು ಬಾಯಿಗಳನ್ನೂ ಬಿಗಿಯಾಗಿ ಮುಚ್ಚಿಸಿರಿ. ಸಿಮೆಂಟಿನ ನೀರು ಒಳಗಿಳಿದರೆ ಕೊಳವೆ ಇದ್ದೂ ಇಲ್ಲದಂತಾಗುವುದು.