ರೈಲು ಹಳಿಯ ಆಚೆಯ ದೇವಾಲಯ



ಊರವರೇ ಸೇರಿ ಆಡುವ ನಾಟಕಗಳ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ಒಂದೇ ಒಂದು ನಾಟಕವನ್ನು ಮುಂದಿಟ್ಟುಕೊಂಡು ಆ ವಿಷಯವನ್ನು ಹೇಳಲು ಇಚ್ಛಿಸುತ್ತೇನೆ. ಅದು ಅಮೆರಿಕದ ಥಾರ್ನ್‌ಟನ್ ವೈಲ್ಡರ್ ರಚಿಸಿದ ‘ಅವರ್ ಟೌನ್’, ಎಂದರೆ ‘ನಮ್ಮ ಊರು’. 1938ರ ಜನವರಿಯಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಮೊದಲ ಬಾರಿಗೆ ರಂಗವೇರಿ, ಮರುತಿಂಗಳು ನ್ಯೂಯಾರ್ಕಿಗೆ ಬಂದು, ಅದೇ ವರ್ಷ ಪುಲಿಟ್ಜರ್ ಬಹುಮಾನಕ್ಕೆ ಪಾತ್ರವಾದ ಈ ಕೃತಿಯನ್ನು ಅಲ್ಲಿನ ಶಾಲೆಗಳೂ ಊರಿನ ಹವ್ಯಾಸಿ ಸಂಘಗಳೂ ಇಂದಿಗೂ ಆಡುತ್ತಲೇ ಇವೆ.

ನ್ಯೂ ಹ್ಯಾಂಪ್‌ಷೈರಿನ ಗ್ರೋವರ್ಸ್ ಕಾರ್ನರ್ಸ್ ಎಂಬ ಕಲ್ಪಿತ ಊರಿನ ಕಥೆಯಿದು. ಪರದೆಯಿಲ್ಲ, ದೃಶ್ಯಸಜ್ಜಿಕೆಯಿಲ್ಲ. ಎರಡು ಮೇಜು, ಕೆಲವು ಕುರ್ಚಿ, ಮಹಡಿಯ ಕೋಣೆಗಳಾಗಿ ಎರಡು ಏಣಿ. ಗೃಹಿಣಿಯರು ಇಲ್ಲದ ಹುರುಳಿಕಾಯಿಯ ನಾರು ಬಿಡಿಸುತ್ತಾರೆ; ಹಾಲಿನವನು ಇಲ್ಲದ ಕುದುರೆಯನ್ನು ಗದರಿಸುತ್ತಾನೆ. ಬಡ ಸಂಘಗಳಿಗೆ ಖರ್ಚಿಲ್ಲದ ನಾಟಕವೆಂದು ತೋರುವುದು ಸಹಜ. ಆದರೆ ಇದು ಸುಲಭದ ನಾಟಕವಲ್ಲ. ಬರಿಗೈಯಲ್ಲಿ ಒಲೆ ಹೊತ್ತಿಸಿ ತೋರಿಸಬೇಕಾದರೆ ಕೈಗೆ ಒಲೆಯ ಪರಿಚಯವಿರಬೇಕು. ಮೂವತ್ತು ವರ್ಷ ಅಡುಗೆ ಮಾಡಿದ ತಾಯಿಯೊಬ್ಬಳು ಇದನ್ನು ಪಳಗಿದ ನಟಿಗಿಂತ ಚೆನ್ನಾಗಿ ಮಾಡಬಲ್ಲಳೆಂದೇ ನನ್ನ ನಂಬಿಕೆ. ಬಣ್ಣದ ಪರದೆ ತಂದು ತೂಗುಹಾಕುವ ಉತ್ಸಾಹಿಗಳು ಈ ನಾಟಕವನ್ನು ಕೆಡಿಸುತ್ತಾರೆ.

ಮೂರನೆಯ ಅಂಕದಲ್ಲಿ ಆ ಕುರ್ಚಿಗಳೇ ಸಮಾಧಿಗಳು. ಮೃತರು ಅವುಗಳ ಮೇಲೆ ಅಲುಗಾಡದೆ ಕುಳಿತಿರುತ್ತಾರೆ. ಹೆರಿಗೆಯಲ್ಲಿ ತೀರಿಹೋದ ಎಮಿಲಿ, ತನ್ನ ಹನ್ನೆರಡನೆಯ ಹುಟ್ಟುಹಬ್ಬದ ದಿನಕ್ಕೆ ಮರಳಲು ಅನುಮತಿ ಪಡೆಯುತ್ತಾಳೆ. ತಾಯಿ ಒಲೆಯ ಮುಂದೆ ಇದ್ದಾಳೆ, ಮಾತನಾಡುತ್ತಾಳೆ, ಆದರೆ ಮಗಳ ಮುಖವನ್ನು ನಿಂತು ನೋಡಲು ಅವಳಿಗೆ ಪುರಸೊತ್ತಿಲ್ಲ. ಅದನ್ನು ಸಹಿಸಲಾರದೆ ಎಮಿಲಿ ಸಮಾಧಿಗೆ ಹಿಂದಿರುಗುತ್ತಾಳೆ. ವೃತ್ತಿನಟರು ಆಡಿದಾಗ ಆ ಕುರ್ಚಿಗಳಲ್ಲಿ ಕೇವಲ ಪಾತ್ರಗಳಿರುತ್ತವೆ. ಊರವರು ಆಡಿದಾಗ ನಮ್ಮ ಅಂಗಡಿಯವರು, ನಮ್ಮ ಮಕ್ಕಳಿಗೆ ಪಾಠ ಹೇಳಿದವರು ಅಲ್ಲಿ ಕುಳಿತಿರುವುದನ್ನು ಕಾಣುತ್ತೇವೆ. ಆ ನಡುಕವನ್ನು ಯಾವ ದೊಡ್ಡ ನಾಟಕ ಕಂಪೆನಿಯೂ ಕೊಡಲಾರದು.

ಕಥೋಲಿಕರಾದ ನಮ್ಮ ಗಮನಕ್ಕೆ ಬರಬೇಕಾದ ಸಂಗತಿಯೊಂದು ಮೊದಲ ಅಂಕದಲ್ಲಿದೆ. ನಿರೂಪಕನು ಊರಿನ ದೇವಾಲಯಗಳನ್ನು ಬೆರಳಿಟ್ಟು ತೋರಿಸುತ್ತಾನೆ. ಪ್ರೊಟೆಸ್ಟೆಂಟರ ಆಲಯಗಳೆಲ್ಲ ಊರೊಳಗಿವೆ; ಕಥೋಲಿಕ ದೇವಾಲಯ ಮಾತ್ರ ರೈಲು ಹಳಿಯ ಆಚೆ, ಪೋಲೆಂಡಿನಿಂದ ಬಂದವರ ಕೇರಿಯ ಕಡೆಗೆ. ಊರಿನಲ್ಲಿ ನೂರಕ್ಕೆ ಹನ್ನೆರಡು ಮಂದಿ ಕಥೋಲಿಕರೆಂದು ಪತ್ರಿಕಾ ಸಂಪಾದಕ ವೆಬ್ ಲೆಕ್ಕ ಒಪ್ಪಿಸುತ್ತಾನೆ. ನಾಟಕದ ಯಾವ ದೃಶ್ಯವೂ ಆ ಹಳಿಯನ್ನು ದಾಟುವುದಿಲ್ಲ. ಹಾಗಿದ್ದರೆ ಯಾರ ಊರು ಇದು?

ವೈಲ್ಡರ್ ಇದನ್ನು ಮರೆತವನಲ್ಲ. ನಾಟಕ ತೆರೆಯುವ 1901ರ ಆ ಬೆಳಗಿನ ಜಾವ ವೈದ್ಯ ಗಿಬ್ಸ್ ಮನೆಗೆ ಮರಳುತ್ತಿರುವುದು ಆ ಕೇರಿಯಿಂದಲೇ. ಅಲ್ಲಿ ತಾಯಿಯೊಬ್ಬಳಿಗೆ ಅವಳಿ ಮಕ್ಕಳಾಗಿವೆ. ಬಳಿಕ ಪ್ರಾಧ್ಯಾಪಕನೊಬ್ಬ ಬಂದು ಊರಿನ ಜನಸಂಖ್ಯೆ 2,640 ಎನ್ನುತ್ತಾನೆ. ನಿರೂಪಕ ಅವನ ಕಿವಿಯಲ್ಲಿ ಏನೋ ಉಸುರುತ್ತಾನೆ. ಕೂಡಲೇ ಲೆಕ್ಕ 2,642 ಆಗುತ್ತದೆ. ಪ್ರಾಧ್ಯಾಪಕನ ಭಾಷಣ ಒಣಗಿದ್ದೆಂದು ಕತ್ತರಿಸುವ ಆಸೆ ನಿರ್ದೇಶಕರಿಗೆ ಹುಟ್ಟಬಹುದು. ಕತ್ತರಿಸಿದರೆ ಆ ಎರಡು ಹಸುಳೆಗಳೂ ಊರಿನ ಲೆಕ್ಕದಿಂದ ಜಾರಿಹೋಗುತ್ತವೆ. ಹಳಿಯಾಚೆಯ ತಾಯಿಗೆ ಅಂದು ಸುಖಪ್ರಸವ. 1913ರಲ್ಲಿ ಹೆರಿಗೆಯಲ್ಲಿ ಸಾಯುವವಳು ಊರೊಳಗಿನ ಸಂಪಾದಕನ ಮಗಳು ಎಂಬುದನ್ನೂ ಮರೆಯಬಾರದು.

ಹೊರಗಿನವರೆನಿಸಿಕೊಂಡವರು ಈ ನಾಟಕವನ್ನು ತಮ್ಮದಾಗಿಸಿಕೊಂಡದ್ದೂ ಉಂಟು. ಕ್ಯಾಲಿಫೋರ್ನಿಯಾದ ಕಾಂಪ್ಟನ್ ನಗರದ ಪ್ರೌಢಶಾಲೆಯೊಂದರಲ್ಲಿ ಕರಿಯ ಹಾಗೂ ಲ್ಯಾಟಿನ್ ಅಮೆರಿಕ ಮೂಲದ ವಿದ್ಯಾರ್ಥಿಗಳು ಹಣವಿಲ್ಲದೆ, ರಂಗವೇದಿಕೆಯಿಲ್ಲದೆ ಇದನ್ನು ಆಡಿದರು. ಆ ಸಾಹಸದ ಮೇಲೆ 2002ರಲ್ಲಿ ಸಾಕ್ಷ್ಯಚಿತ್ರವೇ ಬಂದಿತು. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳು ಇದನ್ನು ಅಭಿನಯಿಸಿದರು.

ಇನ್ನೊಂದು ಮಾತು. ಮೊದಲ ಅಂಕದಲ್ಲಿ ಒಬ್ಬನು ಎದ್ದು, ಊರಿನ ಅನ್ಯಾಯ ಅಸಮಾನತೆಗಳ ಬಗ್ಗೆ ಇಲ್ಲಿ ಯಾರಿಗೂ ಚಿಂತೆಯಿಲ್ಲವೇ ಎಂದು ಗಟ್ಟಿಯಾಗಿ ಕೇಳುತ್ತಾನೆ. ಸಂಪಾದಕ ವೆಬ್ ಕೊಡುವ ಉತ್ತರ ಸಪ್ಪೆಯಾಗಿದೆ. ವೈಲ್ಡರ್ ಬೇಕೆಂದೇ ಸಪ್ಪೆಯಾಗಿ ಬಿಟ್ಟಿದ್ದಾನೆಂದು ನನಗನಿಸುತ್ತದೆ. ಈ ಪಾತ್ರಧಾರಿಗೆ ರಂಗದ ಮೇಲೆ ಸ್ಥಳವಿಲ್ಲ. ಅವನು ಸಭೆಯ ಹಿಂಭಾಗದಲ್ಲಿ, ಪ್ರೇಕ್ಷಕರ ನಡುವೆಯೇ ಕುಳಿತಿರುತ್ತಾನೆ.