ಹತ್ತು ಸಾವಿರ ರೂಪಾಯಿಯ ಲೆಕ್ಕ



ಆರೋಗ್ಯಕ್ಕೆ ಸರಕಾರ ಕೊಡುವ ಅನುದಾನ ಸಾಲದೆಂದು ನಾವೆಲ್ಲ ದೂರುತ್ತೇವೆ. ಆ ದೂರಿನಲ್ಲಿ ನ್ಯಾಯವಿದೆ. ಆದರೆ ನಮ್ಮ ಊರಿನ ಹೆಸರಿಗೇ ಬರುವ ಹಣದ ಬಗ್ಗೆ ನಮಗೆಷ್ಟು ಗೊತ್ತು?

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಸಂಖ್ಯೆಗೊಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿಯನ್ನೂ ಗೊತ್ತುಮಾಡಿತು. 2013ರಲ್ಲಿ ಬಂದ ನಗರ ಆರೋಗ್ಯ ಅಭಿಯಾನವು ಕೊಳೆಗೇರಿಯ ಮಹಿಳಾ ಆರೋಗ್ಯ ಸಮಿತಿಗೆ 5,000 ರೂಪಾಯಿ ನಿಗದಿಪಡಿಸಿತು. ಚರಂಡಿ ಸ್ವಚ್ಛತೆ, ಸೊಳ್ಳೆ ನಿಯಂತ್ರಣ, ತೀರಾ ಬಡ ಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸುವ ವಾಹನದ ಬಾಡಿಗೆ ಮುಂತಾದವುಗಳಿಗೆ ಈ ಹಣ ಬಳಸಬಹುದು.

ಗ್ರಾಮ ಸಮಿತಿಗಳ 2013ರ ಮಾರ್ಗಸೂಚಿಯ ಪ್ರಕಾರ, ಹಿಂದಿನ ವರ್ಷ ಖರ್ಚಾದಷ್ಟನ್ನು ಮರುವರ್ಷ ತುಂಬಿಕೊಡಬೇಕು. ಸಭೆಯೇ ಸೇರದೆ ಹಣ ಖಾತೆಯಲ್ಲಿ ಉಳಿದರೆ ಹೊಸ ಹಣ ಬರುವುದಿಲ್ಲ. ಇದರ ನಷ್ಟ ಬಡವರ ಮನೆಗೆ.

ಇನ್ನು ಆಶಾ ಕಾರ್ಯಕರ್ತೆಯ ವಿಷಯ. ಸರಕಾರದ ದೃಷ್ಟಿಯಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಕೈಗೆ ಬರುವುದು ಪ್ರೋತ್ಸಾಹಧನ, ಗೌರವಧನ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೌರವಿಸಿದ್ದು ಇವರನ್ನೇ. ಮನೆಮನೆ ಸುತ್ತಿ ದಣಿದವಳ ಮೇಲೆಯೇ ಸಭೆಯ ನಡಾವಳಿ, ರಸೀದಿ, ಲೆಕ್ಕಪತ್ರಗಳ ಭಾರವನ್ನೂ ಹೊರಿಸಿ ನಾವು ಸುಮ್ಮನಿರುವುದು ಸರಿಯೇ?

ವಿದ್ಯಾರ್ಥಿಗಳೇ, ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಆಡುತ್ತಾ ಶಾಲೆಯಲ್ಲಿ ಕನ್ನಡ ಕಲಿತವರು ನೀವು. ಸಭೆಯ ನೋಟೀಸನ್ನು ತಾಯಂದಿರಿಗೆ ಓದಿ ಹೇಳಿ, ಅವರನ್ನು ಸಭೆಗೆ ಕರೆತನ್ನಿ. ಲೆಕ್ಕ ಬರೆಯಲು ಆಶಾ ಕಾರ್ಯಕರ್ತೆಗೆ ನೆರವಾಗಿ. ನಮ್ಮ ವಿದ್ಯೆಯಿಂದ ಊರಿಗೆ ಇಷ್ಟಾದರೂ ಉಪಕಾರವಾಗಲಿ.