ಸೃಜನಶೀಲ ಕಲೆಗಳ ಸಂಶೋಧನೆ ಮತ್ತು ಮಾರ್ಗದರ್ಶನ

ಸಂಗೀತ, ನೃತ್ಯ, ರಂಗಭೂಮಿ, ಚಿತ್ರಕಲೆ, ಜನಪದ ಪ್ರದರ್ಶನ, ಕಥಾಸಾಹಿತ್ಯ – ಇಂಥ ಕ್ಷೇತ್ರಗಳಲ್ಲಿ ಪಿಎಚ್.ಡಿ. ಮಾಡುವವರ ಹೆಗಲ ಮೇಲೆ ಎರಡು ಹೊಣೆಗಳಿರುತ್ತವೆ: ಕಲೆಯ ಅಭ್ಯಾಸ ಮತ್ತು ಅದನ್ನು ಕುರಿತ ಮಹಾಪ್ರಬಂಧ. ಬರವಣಿಗೆಯನ್ನು ಮಾತ್ರ ತಿದ್ದುವ ಮಾರ್ಗದರ್ಶಕರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಅವಧಿ ಸಾಮಾನ್ಯವಾಗಿ ಕನಿಷ್ಠ 3, ಗರಿಷ್ಠ 6 ವರ್ಷ. ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ನಿಯಮ ಸಂಖ್ಯೆಯನ್ನೂ ಕಾಲವನ್ನೂ ಗೊತ್ತುಮಾಡುತ್ತದೆ; ಮಾರ್ಗದರ್ಶನದ ಗುಣ ಮಾತ್ರ ಗುರುವಿನ ಕೈಯಲ್ಲೇ ಉಳಿಯುತ್ತದೆ.

ಮೊದಲ ಹೊಣೆ ವಿಷಯದ ಆಯ್ಕೆ ಮತ್ತು ಕ್ಷೇತ್ರಕಾರ್ಯದ ಕಾಲನಿರ್ಣಯ. ಹಾಸನ ಜಿಲ್ಲೆಯ ಮಗ್ಗೆಯ ಸುತ್ತಮುತ್ತ, ಆಲೂರು–ಸಕಲೇಶಪುರದ ಹಳ್ಳಿಗಳ ಸುಗ್ಗಿ ಕುಣಿತವನ್ನು ಅಧ್ಯಯನಕ್ಕೆ ಎತ್ತಿಕೊಂಡವರನ್ನು ನೋಡಬಹುದು. ಚಳಿಗಾಲದಲ್ಲಿ ಕಾಫಿ ಕೊಯ್ಲು. ಕುಣಿಯುವವರೂ ಹಾಡುವವರೂ ತೋಟದಲ್ಲಿರುತ್ತಾರೆ, ಮಾತಿಗೆ ಸಿಗುವುದು ಕಷ್ಟ. ಸುಗ್ಗಿ ಬರುವುದು ಬೇಸಿಗೆಯಲ್ಲಿ. ಜೂನ್ ಹೊತ್ತಿಗೆ ಮಳೆ ಹಿಡಿಯುತ್ತದೆ. ಸಾರಲೇಖದ ಒಪ್ಪಿಗೆ ಮೇಜಿನ ಮೇಲೆ ಎರಡು ತಿಂಗಳು ಕೂತರೆ ಆ ವರ್ಷದ ಸುಗ್ಗಿ ತಪ್ಪುತ್ತದೆ. ಮತ್ತೆ ನೋಡಲು ಇಡೀ ವರ್ಷ ಕಾಯಬೇಕು. ಆದ್ದರಿಂದ ಕಚೇರಿಯ ದಿನಾಂಕಗಳ ಜೊತೆಗೆ ಊರಿನ ಹಬ್ಬ, ಬೆಳೆ, ಮಳೆಯ ಲೆಕ್ಕವೂ ಮಾರ್ಗದರ್ಶಕರಿಗೆ ತಿಳಿದಿರಬೇಕು.

ಎರಡನೆಯದು, ಕೃತಿಯನ್ನೇ ನೋಡುವುದು. ಕುಣಿತದ ಅಧ್ಯಾಯ ಬಂದಾಗ ಚಿತ್ರೀಕರಣವನ್ನೂ ಹಾಕಿಸಿ ನೋಡಬೇಕು. ಹೆಜ್ಜೆ ಎಲ್ಲಿ ತಿರುಗಿತು, ವಾದ್ಯದ ನಡೆ ಎಲ್ಲಿ ಬದಲಾಯಿತು ಎಂದು ನಿಲ್ಲಿಸಿ ಕೇಳಬೇಕು. ಉತ್ತರ ಪುಟದಲ್ಲಿಲ್ಲದಿದ್ದರೆ ಆ ಪುಟವನ್ನು ಮತ್ತೆ ಬರೆಸಬೇಕು. ‘ಚೆನ್ನಾಗಿದೆ, ಮುಂದುವರಿಸಿ’ ಎಂಬ ಷರಾದಿಂದ ಯಾರಿಗೂ ಪ್ರಯೋಜನವಿಲ್ಲ.

ಮೂರನೆಯದು, ವಿಭಾಗದ ಹೊರಗಿನ ಗುರುಗಳಿಗೆ ಸಲ್ಲಬೇಕಾದ ಸ್ಥಾನ. ಅಮೆರಿಕದ ಮಾರ್ತಾ ಆಷ್ಟನ್ ಉಡುಪಿಗೆ ಬಂದು, ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರ ಬಳಿ ಯಕ್ಷಗಾನ ಕಲಿತರು. ಬ್ರೂಸ್ ಕ್ರಿಸ್ಟಿ ಅವರೊಡನೆ ಅವರು ಬರೆದ ಯಕ್ಷಗಾನದ ಇಂಗ್ಲಿಷ್ ಪುಸ್ತಕ 1977ರಲ್ಲಿ ಹೊರಬಂತು. ಗೆಜ್ಜೆ ಕಟ್ಟಿ ಕಲಿತದ್ದು ಬರೆಹಕ್ಕೆ ಆಧಾರವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇಂಥ ಕಡೆ ಪದವಿಯಿಲ್ಲದ ಕಲಾವಿದರೂ ಸಂಶೋಧನೆಯ ಗುರುಗಳೇ. ಅವರ ಹೆಸರು ಕೃತಜ್ಞತೆಯ ಪುಟಕ್ಕೆ ಸೀಮಿತವಾಗದೆ, ಅವರು ಕೊಟ್ಟ ತಿಳಿವಳಿಕೆ ಬಳಕೆಯಾದಲ್ಲೆಲ್ಲ ಬರುವಂತೆ ಮಾರ್ಗದರ್ಶಕರು ನೋಡಿಕೊಳ್ಳಬೇಕು. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯುವುದು, ಅದರ ಒಂದು ಪ್ರತಿಯನ್ನು ಹಾಡಿದವರಿಗೆ ತಲುಪಿಸುವುದು ಇದೇ ಹೊಣೆಗೆ ಸೇರಿದ್ದು.

ನಾಲ್ಕನೆಯದು, ವಿದ್ಯಾರ್ಥಿಯ ಸ್ವಂತ ಸೃಷ್ಟಿಗೆ ಎಡೆ ಬಿಡುವುದು. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗಲೇ ‘ಸಂಸ್ಕಾರ’ ಬರೆದರು. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರೇರಣೆಯಾಗಿ, ಅಲ್ಲಿನ ಅಧ್ಯಾಪಕ, ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿಯೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿ ಆಡಿದ ಮಾತುಕತೆಯನ್ನು ಅನಂತಮೂರ್ತಿ ನೆನೆದಿದ್ದಾರೆ. ಕಾದಂಬರಿ ಮಹಾಪ್ರಬಂಧದ ಭಾಗವಾಗಿರಲಿಲ್ಲ, ಅದಕ್ಕೆ ಅಡ್ಡಿಯೂ ಆಗಲಿಲ್ಲ. 1966ರಲ್ಲಿ ಪದವಿಯೂ ದೊರೆಯಿತು. ಓದು, ಚಿತ್ರ, ಹರಟೆ ಎಲ್ಲವೂ ಮಾರ್ಗದರ್ಶನದ ಒಳಗೇ ಬರುತ್ತವೆ.

ಇದರ ಜೊತೆಗೆ ಮಿತಿಯನ್ನೂ ಹೇಳಬೇಕು. ತನ್ನ ಘರಾಣೆ, ತನ್ನ ಶೈಲಿ, ತನ್ನ ಸಿದ್ಧಾಂತವನ್ನು ವಿದ್ಯಾರ್ಥಿಯ ಮೇಲೆ ಹೇರುವುದು ಮಾರ್ಗದರ್ಶನವಲ್ಲ. ಮನೆಗೆಲಸ, ಸಮಾರಂಭದ ಓಡಾಟಗಳಿಗೆ ಸಂಶೋಧನಾರ್ಥಿಯನ್ನು ದುಡಿಸುವುದು ಅಧಿಕಾರದ ದುರುಪಯೋಗ. ವಿದ್ಯಾರ್ಥಿಯೂ ‘ಇದು ಕಲೆ’ ಎಂದು ಹೇಳಿ ಆಧಾರ ಕೊಡುವ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಭೇಟಿಯ ದಿನ, ಆಡಿದ ಮಾತು, ಮುಂದಿನ ಕೆಲಸ – ಈ ಮೂರನ್ನು ಇಬ್ಬರೂ ಬರೆದಿಟ್ಟುಕೊಂಡರೆ ಬಹುಪಾಲು ಜಗಳಗಳು ಹುಟ್ಟುವುದೇ ಇಲ್ಲ.

ಮಾರ್ಗದರ್ಶಕರ ಯೋಗ್ಯತೆಯನ್ನು ಅಳೆಯಬೇಕಾದದ್ದು ಅವರ ಕೈಕೆಳಗೆ ಬಂದ ಪದವಿಗಳ ಸಂಖ್ಯೆಯಿಂದಲ್ಲ. ಪದವಿ ಪಡೆದವರು ಆಮೇಲೂ ಕಲೆಯಲ್ಲಿ ತೊಡಗಿದ್ದಾರೆಯೇ, ಸ್ವತಂತ್ರವಾಗಿ ಬರೆಯುತ್ತಿದ್ದಾರೆಯೇ ಎಂಬುದೇ ಸರಿಯಾದ ಅಳತೆ.